ಹೊಸ .22 ರೈಫಲನ್ನು ಪರಿಶೀಲಿಸುವ ಕ್ರಮ

1964ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ರೂಗರ್ ಕಂಪನಿಯ 10/22 ಎಂಬ .22 (ಸುಮಾರು 0.22 ಇಂಚು ನಳಿಕೆಯ) ರೈಫಲನ್ನು ಹೊಸದಾಗಿ ಕೈಗೆತ್ತಿಕೊಂಡಾಗ ಮೊದಲು ಮ್ಯಾಗಜೀನ್ (ತೋಟೆಗಳನ್ನಿಡುವ ಪೆಟ್ಟಿಗೆ) ತೆಗೆದು, ನಳಿಕೆಯ ಹಿಂಬದಿಯನ್ನು ಮುಚ್ಚುವ ಸರಿಯುವ ತುಂಡಾದ ಬೋಲ್ಟನ್ನು ಹಿಂದಕ್ಕೆಳೆದು, ಚೇಂಬರ್ (ಸಿಡಿಯುವ ತೋಟೆ ಕೂರುವ ಜಾಗ) ಖಾಲಿಯಿದೆಯೆಂದು ಕಣ್ಣಾರೆ ನೋಡಬೇಕು. ಇದರ ವಿನ್ಯಾಸದ ಜಾಣತನವೆಲ್ಲ ಹತ್ತು ತೋಟೆಗಳ ತಿರುಗುವ ಮ್ಯಾಗಜೀನಿನಲ್ಲಿದೆ. ತೋಟೆಗಳ ಅಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳದಂತೆ ಅದು ಪ್ರತಿಯೊಂದನ್ನೂ ಬೇರೆಬೇರೆಯಾಗಿ ಹಿಡಿದಿಡುತ್ತದೆ. ವಿಶ್ವಾಸಾರ್ಹತೆಯನ್ನು ಒಂದೇ ಬಗೆಯ ತೋಟೆಯಿಂದ ಅಳೆಯಲಾಗದು: ಸಿಡಿತದ ಒತ್ತಡವೇ ಬೋಲ್ಟನ್ನು ಹಿಂದಕ್ಕೆ ತಳ್ಳುವುದರಿಂದ, ಕಡಿಮೆ ವೇಗದ ತೋಟೆಗಳಲ್ಲಿ ಅದು ಪೂರ್ತಿ ಸರಿಯದೆ ಸಿಡಿದ ತೋಟೆಯ ಖಾಲಿ ಕವಚ ಸಿಕ್ಕಿಬೀಳಬಹುದು. ಶುಚಿಗೊಳಿಸುವುದು ಮಾತ್ರ ಇದರ ದುರ್ಬಲ ಅಂಶವೆಂದೇ ನನ್ನ ಅಭಿಪ್ರಾಯ. ಸಾಮಾನ್ಯ ಮಾದರಿಯಲ್ಲಿ ಬೋಲ್ಟನ್ನು ಒಳಗಿಟ್ಟುಕೊಂಡ ಚೌಕಟ್ಟಾದ ರಿಸೀವರಿನ ಹಿಂಬದಿ ಮುಚ್ಚಿರುವುದರಿಂದ ಸಲಾಕೆಯನ್ನು ನಳಿಕೆಯ ಬಾಯಿಯಿಂದಲೇ ತೂರಿಸಬೇಕಾಗುತ್ತದೆ, ಆ ಅಂಚು ಸವೆದರೆ ಗುರಿ ಕೆಡುತ್ತದೆ. ಆದ್ದರಿಂದ ಚೇಂಬರಿನ ಕಡೆಯಿಂದ ಎಳೆಯುವ ಶುಚಿಹಗ್ಗವೇ ಮೇಲು. ಬೋಲ್ಟಿನ ಮುಖವನ್ನೂ ಖಾಲಿ ಕವಚವನ್ನು ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರಿನ ಅಡಿಯನ್ನೂ ಬ್ರಷ್‌ನಿಂದ ಉಜ್ಜಿ, ಎಣ್ಣೆಯನ್ನು ತೆಳುವಾಗಿಯಷ್ಟೇ ಸವರಬೇಕು.