ಹಳೆಯ ನೋವನ್ನು ವೈದ್ಯರಿಗೆ ಹೇಳುವುದು ಹೇಗೆ?

ಆರು ತಿಂಗಳ ಸೊಂಟನೋವಿನ ನಮ್ಮ ಅತ್ತೆಯನ್ನು ಶಿರಸಿಯಿಂದ ಕುಮಟೆಯ ವೈದ್ಯರೊಬ್ಬರ ಬಳಿ ಕರೆದೊಯ್ದಿದ್ದೆ. ದೇವಿಮನೆ ಘಟ್ಟದ ಪ್ರತಿ ತಿರುವಿಗೂ ಮುಂದಿನ ಸೀಟಿನ ಸರಳು ಹಿಡಿದು ಹಲ್ಲು ಕಚ್ಚುತ್ತಿದ್ದವರು, ವೈದ್ಯರು “ಹೇಗಿದ್ದೀರಿ?” ಎಂದೊಡನೆ “ಅಡ್ಡಿಲ್ಲೆ” (ಪರವಾಗಿಲ್ಲ) ಎಂದುಬಿಟ್ಟರು. ಐದೇ ನಿಮಿಷದಲ್ಲಿ ಮಾತ್ರೆಯ ಚೀಟಿಯೊಂದಿಗೆ ಹೊರಬಂದೆವು.

ಮೂರು ತಿಂಗಳು ಮೀರಿದ ನೋವನ್ನು ದೀರ್ಘಕಾಲಿಕ ನೋವು ಎನ್ನುತ್ತಾರೆ. ಇಂಥ ಸೊಂಟನೋವಿನ 1,470 ಜನರನ್ನು 12 ತಿಂಗಳು ಗಮನಿಸಿ 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ತಮ್ಮ ವೈದ್ಯರಿಗೆ ಸಹಾನುಭೂತಿ ಹೆಚ್ಚು ಎಂದವರಿಗೆ ನೋವೂ ಓಡಾಟದ ತೊಂದರೆಯೂ ಉಳಿದವರಿಗಿಂತ ಕಡಿಮೆಯಿದ್ದವು. ಸಹಾನುಭೂತಿಯೇ ಕಾರಣವೆಂದು ಇದರಿಂದ ಸಾಧಿಸಲಾಗದು. ಆದರೂ ತನ್ನ ಮಾತು ಕೇಳಿಸಿಕೊಂಡರೆಂಬ ನಂಬಿಕೆ ಬಂದ ರೋಗಿಯ ಭಯ ಇಳಿಯುತ್ತದೆ, ನುಂಗದೆ ಬಿಟ್ಟ ಮಾತ್ರೆಯ ವಿಷಯವನ್ನೂ ಅವರು ಮುಚ್ಚಿಡುವುದಿಲ್ಲ.

ವೈದ್ಯರು ಹಾಗೆ ಕೇಳಿಸಿಕೊಳ್ಳುವಂತಾಗಲು ನಾವು ಮಾಡಬಹುದಾದದ್ದು ನಾಲ್ಕು. ಮೊದಲನೆಯದಾಗಿ, ಹೊರಡುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ಔಷಧ ಅಂಗಡಿಯಲ್ಲಿ ಕೇಳಿ ತಂದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಳ್ಳಿ.

ಎರಡನೆಯದು ನೋವನ್ನು ಹೇಳುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ವೈದ್ಯರು ರೋಗಿಯ ಮೊದಲ ಮಾತನ್ನು ಸರಾಸರಿ 18 ಸೆಕೆಂಡಿಗೇ ತಡೆಯುತ್ತಾರೆಂದು 1984ರ ಅಧ್ಯಯನವೊಂದು ತೋರಿಸಿತ್ತು. ಆದ್ದರಿಂದ ಎಕ್ಸ್‌ರೇ ಕವರನ್ನು ಮೊದಲೇ ಮೇಜಿನ ಮೇಲಿಡಬೇಡಿ, ಇಟ್ಟರೆ ಮಾತು ಅದರ ಮೇಲೆಯೇ ಹೊರಳುತ್ತದೆ. ಹತ್ತರಲ್ಲಿ ಎಂಟು ನೋವು ಎನ್ನುವುದಕ್ಕಿಂತ, “ಮೆಟ್ಟುಗತ್ತಿಯ ಮುಂದೆ ಕಾಲು ಗಂಟೆ ಕೂತು ಅಡಿಕೆ ಸುಲಿಯಲಾಗುವುದಿಲ್ಲ, ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗುತ್ತದೆ” ಎಂದು ನೋವು ಕಸಿದುಕೊಂಡ ಕೆಲಸವನ್ನು ಹೇಳಿ. ಚಳುಕೇ, ಉರಿಯೇ, ಜೋಮೇ ಎಂಬುದನ್ನು ಬಿಡಿಸಿ ಹೇಳಿ, ಏಕೆಂದರೆ ಉರಿ ಮತ್ತು ಜೋಮು ನರದ ಕಡೆಗೆ ಬೊಟ್ಟು ಮಾಡಬಹುದು. ಕಾರವಾರದ ಕಡೆ ಕೊಂಕಣಿಯಲ್ಲಿಯೇ ನೋವು ಸರಿಯಾಗಿ ಹೊರಬರುವುದಾದರೆ ಹಾಗೆಯೇ ಹೇಳಿ, ಜೊತೆಗೆ ಹೋದವರು ಕನ್ನಡದಲ್ಲಿ ತಿಳಿಸಲಿ. ಅದಲ್ಲದಿದ್ದರೆ ಜೊತೆಯವರು ಬಾಯಿ ಮುಚ್ಚಿಕೊಂಡಿರುವುದೇ ಲೇಸು. ಕೊನೆಯಲ್ಲಿ ಮನಸ್ಸಿನೊಳಗಿನ ಹೆದರಿಕೆಯನ್ನೂ, ಅದು ಕ್ಯಾನ್ಸರಿನದೇ ಆಗಿರಲಿ, ಕೇಳಿಬಿಡಿ. ಕೇಳದ ಹೆದರಿಕೆಗೆ ಯಾವ ವೈದ್ಯರೂ ಉತ್ತರ ಕೊಡಲಾರರು.

ಮೂರನೆಯದಾಗಿ, ವೈದ್ಯರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ.

ಈ ಮಧ್ಯೆ ಯಾರಾದರೂ ಅಯಸ್ಕಾಂತದ ಬೆಲ್ಟ್ ತೋರಿಸಿದರೆ ದುಡ್ಡು ಕೊಡಬೇಡಿ. ಔಷಧ ಅಂಗಡಿಯ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವ ಅಡ್ಡದಾರಿ ಹೊಟ್ಟೆ ಮತ್ತು ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಕಾಲಿನ ಬಲ ಕುಂದಿದರೆ ಅಥವಾ ಮೂತ್ರ, ಮಲದ ಹಿಡಿತ ತಪ್ಪಿದರೆ ಇಲ್ಲಿ ಹೇಳಿದ್ದೆಲ್ಲವನ್ನೂ ಬದಿಗಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ನಾಲ್ಕನೆಯದು, ವೈದ್ಯರನ್ನು ಪದೇಪದೇ ಬದಲಿಸದಿರುವುದು. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ದೊಡ್ಡ ಚಿಕಿತ್ಸೆಯೆಂದರೆ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾ. ಅಲ್ಲಿಗೆ ಹೋಗಬೇಕಾಗಿ ಬಂದರೂ ಊರಿನ ಸಮೀಪದ ಒಬ್ಬ ವೈದ್ಯರಿಗೆ ನಿಮ್ಮ ಕಥೆಯೆಲ್ಲ ಗೊತ್ತಿರಲಿ ಎಂಬುದು ನನ್ನ ಹಟ.

ಎರಡನೆಯ ಭೇಟಿಗೆ ಅದೇ ವೈದ್ಯರ ಬಳಿಗೇ ಹೋದೆವು. ಈ ಸಲ ಅತ್ತೆ ಅಡಿಕೆಯ ಮಾತಿನಿಂದಲೇ ಶುರುಮಾಡಿದರು. ವೈದ್ಯರು ಪೆನ್ನು ಕೆಳಗಿಟ್ಟು, “ಸುಲಿಯಲು ಕೂರುವ ಮಣೆ ಎಷ್ಟು ಎತ್ತರ?” ಎಂದು ಕೇಳಿದರು. ಅತ್ತೆ ನೆಲದಿಂದ ನಾಲ್ಕು ಬೆರಳು ಎತ್ತಿ ತೋರಿಸಿದರು.