ಪಿ.ಡಿ. ಸರ್ ಹೋದ ಸುದ್ದಿ ತಿಳಿಸಿದ್ದು ಹೀಗೆ

ಧಾರವಾಡದ ನಮ್ಮ ಕಾಲೇಜಿನ ಜಿಮಖಾನಾವನ್ನು, ಅಂದರೆ ಆಟೋಟದ ವಿಭಾಗವನ್ನು, 30 ವರ್ಷಕ್ಕೂ ಹೆಚ್ಚು ಕಾಲ ನಡೆಸಿದ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಖೋಖೋ, ಕಬಡ್ಡಿ ಎರಡೂ ಅವರದ್ದೇ. ನಿವೃತ್ತಿಯಾದ ಮೇಲೂ ಬೆಳಗ್ಗೆ ಸೀಟಿ ಹಿಡಿದು ಮೈದಾನಕ್ಕೆ ಬರುತ್ತಿದ್ದರು. ಹಳೆಯ ಆಟಗಾರರ ವಾಟ್ಸ್‌ಆ್ಯಪ್ ಗ್ರೂಪ್ ನೋಡಿಕೊಳ್ಳುವವನು ನಾನು. ಹಾಗಾಗಿ ಅವರ ಮಗ ರಾತ್ರಿ ನನಗೇ ಫೋನ್ ಮಾಡಿದ. "ಅಣ್ಣಾ, ಅಪ್ಪಾರು ಹೋದ್ರು. ನಿಮ್ಮ ಹುಡುಗರಿಗೆಲ್ಲಾ ನೀವ ತಿಳಸ್ರಿ" ಅಂದ.

ನಾನು ಮೊದಲು ಕೇಳಿದ್ದು, ಮನೆಯವರಿಗೆಲ್ಲ ಗೊತ್ತಾಗಿದೆಯಾ ಅಂತ. ಸರ್ ಅವರ ತಂಗಿ ಹಾವೇರಿ ಕಡೆ ಒಂದು ಹಳ್ಳಿಯಲ್ಲಿದ್ದಾರೆ, ವಯಸ್ಸಾಗಿದೆ. ಅಣ್ಣ ಹೋದದ್ದು ಅವರಿಗೆ ಯಾರದೋ ಸ್ಟೇಟಸ್ ನೋಡಿ ಗೊತ್ತಾಗಬಾರದು ಅಲ್ವಾ? ಅವರಿಗೆ ತಿಳಿಸಿ ಆಗುವವರೆಗೆ ನಾನು ಏನೂ ಹಾಕಲಿಲ್ಲ. ಅಷ್ಟರಲ್ಲಿ ಇನ್ನೊಂದು ಗ್ರೂಪಿನಲ್ಲಿ ಯಾರೋ ದೀಪದ ಚಿತ್ರ ಹಾಕಿ 'ಓಂ ಶಾಂತಿ' ಅಂದುಬಿಟ್ಟಿದ್ದರು. ಯಾರು ಹೋದರು, ಮಣ್ಣು (ಅಂತ್ಯಕ್ರಿಯೆ) ಯಾವಾಗ, ಒಂದೂ ಇಲ್ಲ. ಇಂಥವರ ಅವಸರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮಣ್ಣಿನ ಹೊತ್ತು ಗೊತ್ತಾಗದೆ ಸುದ್ದಿ ಬಿಟ್ಟರೆ ಎಲ್ಲರೂ ಮನೆಗೇ ಫೋನ್ ಹಚ್ಚುತ್ತಾರೆ. ಹಿರಿಯರು ಬೆಳಗ್ಗೆ 11ಕ್ಕೆಲ್ಲ ಮುಗಿಸೋಣ ಅನ್ನುತ್ತಿದ್ದರು. ಬೆಂಗಳೂರಿನ ಹುಡುಗರ ಮಾತು ತೆಗೆದೆ. ರಾತ್ರಿ ಬಸ್ ಸಿಗದವರು ನಸುಕಿನ ವಂದೇ ಭಾರತ್ ಹಿಡಿಯುತ್ತಾರೆ. 2023ರಿಂದ ಧಾರವಾಡದವರೆಗೆ ಬರುವ ಆ ಗಾಡಿ ಇಲ್ಲಿ ಮುಟ್ಟುವಾಗ ಮಧ್ಯಾಹ್ನವಾಗುತ್ತದೆ. ಅಕ್ಕಾರು, ಅಂದರೆ ಸರ್ ಅವರ ಹೆಂಡತಿ, ಒಳಗಿನಿಂದಲೇ "ಅವು ಬರ್ಲಿ, ಅವ್ರ ಹುಡುಗ್ರು ಅವು" ಅಂದರು. ಮೂರು ಗಂಟೆಗೆ ಅಂತ ಗಟ್ಟಿಯಾಯಿತು. ಪ್ರಿನ್ಸಿಪಾಲರಿಗೆ ಕೇಳಿ, ಅದಕ್ಕೂ ಮೊದಲು ಸ್ವಲ್ಪ ಹೊತ್ತು ಕಾಲೇಜು ಮೈದಾನದಲ್ಲಿ ದರ್ಶನಕ್ಕೆ ಇಡುವುದು ಅಂತಲೂ ಆಯಿತು.

ಆಮೇಲೆ ಬರೆದದ್ದು ಇಷ್ಟೇ: "ನಮ್ಮ ಪಿ.ಡಿ. ಸರ್ ಮಂಗಳವಾರ ರಾತ್ರಿ ತೀರಿಕೊಂಡರು. ಬುಧವಾರ ಮಧ್ಯಾಹ್ನ 1ರವರೆಗೆ ಮನೆಯಲ್ಲಿ, ನಂತರ ಕಾಲೇಜು ಮೈದಾನದಲ್ಲಿ ದರ್ಶನ. 3 ಗಂಟೆಗೆ ಮಣ್ಣು. ದಯವಿಟ್ಟು ಮನೆಗೆ ಫೋನ್ ಮಾಡಬೇಡಿ, ಏನಿದ್ದರೂ ನನಗೆ ಕೇಳಿ." ಮೇಲೆ ಅವರ ಪೂರ್ತಿ ಹೆಸರು, ಕೆಳಗೆ ನನ್ನ ಹೆಸರು, ನಂಬರ್. ವಾರದ ಪಕ್ಕದಲ್ಲಿ ತಾರೀಖನ್ನೂ ಹಾಕಿದೆ. 'ಇಂದು', 'ನಾಳೆ' ಅಂತ ಎಲ್ಲೂ ಬರೆಯಲಿಲ್ಲ. ಫಾರ್ವರ್ಡ್ ಆಗುತ್ತಾ ಆಗುತ್ತಾ ಮರುದಿನ ಕೈಗೆ ಸಿಕ್ಕಿದವನಿಗೆ 'ನಾಳೆ' ಅಂದರೆ ಗುರುವಾರ!

ಗ್ರೂಪಿನಲ್ಲಿ ಇಲ್ಲದವರೇ ಜಾಸ್ತಿ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗುವ ತನಕ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಾಲೇಜುಗಳೂ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೇ ಇದ್ದವು. ಅಂತರಕಾಲೇಜು ಪಂದ್ಯಗಳಲ್ಲಿ ಎದುರು ತಂಡದಲ್ಲಿ ಆಡಿದವರೂ ಸರ್‌ಗೆ ಶಿಷ್ಯರಂತೆಯೇ ಇದ್ದರು. ನಾನು ಒಂದೊಂದು ಬ್ಯಾಚಿನ ಕ್ಯಾಪ್ಟನ್‌ಗೆ ಮಾತ್ರ ಫೋನ್ ಮಾಡಿದೆ, ಉಳಿದವರನ್ನು ಅವರಿಗೆ ಬಿಟ್ಟೆ. ಆದರೆ ಜಿಮಖಾನಾದ ಹಳೆಯ ಸಿಪಾಯಿಯ (ಜವಾನರ) ಮನೆಗೆ ಬೈಕ್ ಮೇಲೆ ನಾನೇ ಹೋದೆ. ಅಷ್ಟು ವರ್ಷ ಸರ್ ಜೊತೆ ಮೈದಾನಕ್ಕೆ ಸುಣ್ಣದ ಗೆರೆ ಹಾಕಿದವರು. ಅವರಿಗೆ ಫೋನಿನಲ್ಲಿ ಹೇಳುವುದು ನನಗೆ ಸರಿ ಕಾಣಲಿಲ್ಲ.

ಕಾಲೇಜಿನ ಈಗಿನ ಹುಡುಗಿಯರ ಖೋಖೋ ತಂಡ ಅವತ್ತು ಗದಗಿನಲ್ಲಿತ್ತು, ಮರುದಿನ ಬೆಳಗ್ಗೆ ಮ್ಯಾಚ್. ಆಟ ಮುಗಿದ ಮೇಲೆ ಹೇಳೋಣ ಅಂದವರಿದ್ದರು. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಅದು ಆಗದ ಮಾತು. ಮ್ಯಾನೇಜರ್ ಮೇಡಂಗೆ ಫೋನ್ ಮಾಡಿದೆ. ಅವರು ರಾತ್ರಿಯೇ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಹೇಳಿದರು. ಆಡುವುದೋ ಬಿಡುವುದೋ ಹುಡುಗಿಯರೇ ನಿರ್ಧರಿಸಲಿ ಅಂದರು. ಆಡಿದರು. ಸೋತರು. ಮೂರು ಗಂಟೆಯ ಒಳಗೆ ಧಾರವಾಡಕ್ಕೆ ಬಂದರು.

ಪೇಪರಿನವರಿಗೆ ಬೇರೆ ಥರ ಬರೆಯಬೇಕು. ಹೆಸರಿನ ಪಕ್ಕ ವಯಸ್ಸು ಬೇಕು. ಸರ್ವಿಸ್ ದಾಖಲೆಯಲ್ಲಿ ಜೂನ್ 1 ಅಂತಿತ್ತು. ಆ ತಲೆಮಾರಿನ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ, ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದೇ ತಾರೀಖು. ಅಕ್ಕಾರು ಹೇಳಿದ ವಯಸ್ಸನ್ನೇ ಕೊಟ್ಟೆವು. ಒಬ್ಬ ಗೆಳೆಯ 'ದ್ರೋಣಾಚಾರ್ಯ ಪ್ರಶಸ್ತಿ ಪುರಸ್ಕೃತ' ಅಂತ ಸೇರಿಸಿದ್ದ. ಅದು 1985ರಿಂದ ಕೇಂದ್ರ ಸರ್ಕಾರ ಕೊಡುವ ಪ್ರಶಸ್ತಿ, ಸರ್‌ಗೆ ಬಂದಿರಲಿಲ್ಲ. 'ನಮಗೆ ಅವರು ದ್ರೋಣಾಚಾರ್ಯರೇ' ಅಂತ ವಾದಿಸಿದ. ಇರಬಹುದು, ಆದರೆ ಪೇಪರಿನಲ್ಲಿ ಅದು ಸುಳ್ಳಾಗುತ್ತದೆ. ಅದರ ಬದಲು ನವಲಗುಂದ ಕಡೆಯ ಹಳೆಯ ಆಟಗಾರ್ತಿಯೊಬ್ಬರ ಮಾತು ಹಾಕಿದೆವು. ಹೊರಗಿನ ಊರಿಗೆ ಆಡಲು ಕಳಿಸಲ್ಲ ಅಂದ ಅಪ್ಪನ ಮುಂದೆ ಕಟ್ಟೆಯ ಮೇಲೆ ಕೂತು ಸರ್, "ಕರಕೊಂಡು ಹೋಗಾವನೂ ನಾನ, ತಂದು ಮನಿ ಮುಟ್ಟಸಾವನೂ ನಾನ" ಅಂದಿದ್ದರಂತೆ. ಫೋಟೊ ಮಾತ್ರ ನನ್ನ ಇಷ್ಟದ್ದಲ್ಲ. ಟ್ರ್ಯಾಕ್‌ಸೂಟಿನದ್ದು ಹಾಕಬೇಕು ಅಂದಿದ್ದೆ, ಮನೆಯವರು ಬೀಳ್ಕೊಡುಗೆ ದಿನದ ಪೇಟ, ಶಾಲಿನದ್ದು ಕೊಟ್ಟರು. ಅವರು ಹೇಳಿದ ಮೇಲೆ ಮುಗಿಯಿತು.

ಸರ್ ಹೆಸರಿನಲ್ಲಿ ಟೂರ್ನಮೆಂಟ್ ಮಾಡೋಣ, ಅದಕ್ಕೆ ದುಡ್ಡು ಹಾಕಿ ಅಂತಲೂ ಅದೇ ಮೆಸೇಜಿನಲ್ಲಿ ಸೇರಿಸು ಅಂದರು ಕೆಲವರು. ಸೇರಿಸಲಿಲ್ಲ. ಮಣ್ಣಿನ ಸುದ್ದಿಯ ಕೆಳಗೆ ಗೂಗಲ್ ಪೇ ನಂಬರ್ ಚೆನ್ನಾಗಿರಲ್ಲ. ತಿಂಗಳಾದ ಮೇಲೆ ಜಿಮಖಾನಾದಲ್ಲಿ ಕೂತು ಮಾತಾಡಿದೆವು. ಖೋಖೋನಾ, ಕಬಡ್ಡಿನಾ ಅನ್ನುವ ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ.