ವಿಲ್ಲಿಸ್ ಜೀಪ್ ಸ್ಟಾರ್ಟ್ ಆಗದಿದ್ದಾಗ: ಮೊದಲು ತಂತಿ ನೋಡಿ, ಆಮೇಲೆ ಕಾರ್ಬೊರೇಟರ್

ಪುಣೆಯಲ್ಲಿ ಮಳೆ ನಿಂತ ಮೇಲೆ ಹಳೆಯ ಮಿಲಿಟರಿ ಜೀಪುಗಳ ತಾಡಪಾಲು ಸರಿಯುತ್ತದೆ. ನಾಲ್ಕು ತಿಂಗಳು ತೇವದಲ್ಲಿ ನಿಂತ ಗಾಡಿ ಎದ್ದೇಳುವುದಿಲ್ಲ. ಮೊದಲು ಬಿಚ್ಚುವುದು ಗಾಳಿಗೆ ಪೆಟ್ರೋಲ್ ಬೆರೆಸುವ ಪಾಪದ ಕಾರ್ಬೊರೇಟರನ್ನು. ಹೆಚ್ಚಿನ ಸಲ ದೋಷ ಅಲ್ಲಿರುವುದೇ ಇಲ್ಲ, ತಂತಿ ಮತ್ತು, ಕರೆಂಟ್ ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ಮರಳುವ ದಾರಿಯಾದ, ಅರ್ಥಿಂಗ್‌ನಲ್ಲಿರುತ್ತದೆ.

ಇಲ್ಲಿ ಹೇಳಿರುವುದು 1941ರಿಂದ 1945ರವರೆಗೆ ತಯಾರಾದ ವಿಲ್ಲಿಸ್ ಎಂಬಿ ಮತ್ತು ಅದರ ಜೋಡಿ ಫೋರ್ಡ್ ಜಿಪಿಡಬ್ಲ್ಯೂ ಬಗ್ಗೆ. 2.2 ಲೀಟರಿನ ನಾಲ್ಕು ಸಿಲಿಂಡರ್ ಸೈಡ್ ವಾಲ್ವ್ ಎಂಜಿನ್, 6 ವೋಲ್ಟ್, ನೆಗೆಟಿವ್ ಅರ್ಥ್ (ಬ್ಯಾಟರಿಯ ನೆಗೆಟಿವ್ ತುದಿ ಗಾಡಿಯ ಲೋಹಕ್ಕೆ). ಈ 6 ವೋಲ್ಟನ್ನು ಮರೆಯಬೇಡಿ. 12 ವೋಲ್ಟಿನ ಗಾಡಿಗೆ ಹೋಲಿಸಿದರೆ ಅಷ್ಟೇ ಶಕ್ತಿಗೆ ಇಲ್ಲಿ ಎರಡು ಪಟ್ಟು ಕರೆಂಟ್ ಹರಿಯಬೇಕು, ಅದೇ ತಂತಿಯಲ್ಲಿ ನಷ್ಟ ನಾಲ್ಕು ಪಟ್ಟಾಗುತ್ತದೆ. ಈಗಿನ ಕಾರು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಚೂರು ತುಕ್ಕು ಈ ಜೀಪನ್ನು ಮಲಗಿಸಿಬಿಡುತ್ತದೆ.

ಕೆಲಸಕ್ಕೆ ಮೊದಲು ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ.

ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ನಿಧಾನವಾಗಿ ತಿರುಗಿದರೆ

ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 6.3ರಿಂದ 6.4 ವೋಲ್ಟ್ ತೋರಿಸಬೇಕು. ಕಾಲಿನ ಸ್ಟಾರ್ಟರ್ ಸ್ವಿಚ್ ಒತ್ತಿದಾಗ 4.8ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೇ ಮೊದಲು ಅನುಮಾನಿಸಿ. ಇಳಿಯದೆಯೂ ಎಂಜಿನ್ ಮಂದವಾಗಿ ತಿರುಗಿದರೆ ವೋಲ್ಟೇಜ್ ದಾರಿಯಲ್ಲಿ ಎಲ್ಲೋ ಸೋರುತ್ತಿದೆ ಎಂದರ್ಥ.

ಆ ಜಾಗ ಹುಡುಕುವುದು ಸುಲಭ. ಈ ಜೀಪಿನ ಕಾಲಿನ ಸ್ವಿಚ್ ಇಗ್ನಿಷನ್ ಆಫ್ ಇದ್ದಾಗಲೂ ಸೆಲ್ಫನ್ನು ತಿರುಗಿಸುತ್ತದೆ. ಹಾಗಾಗಿ ಎಂಜಿನ್ ಹೊತ್ತಿಕೊಳ್ಳುವ ಭಯವಿಲ್ಲದೆ ಅಳೆಯಬಹುದು. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಸೀಸದ ಗೂಟದ ಮೇಲೆ ಇಡಿ, ಕ್ಲ್ಯಾಂಪಿನ ಮೇಲಲ್ಲ. ಕಪ್ಪು ಕಡ್ಡಿ ಸೆಲ್ಫಿನ ಟರ್ಮಿನಲ್ ಮೇಲಿರಲಿ. ಒಬ್ಬರು ಸ್ವಿಚ್ ಒತ್ತಲಿ, ಇನ್ನೊಬ್ಬರು ಮೀಟರ್ ನೋಡಲಿ. 0.3 ವೋಲ್ಟ್ ದಾಟಿದರೆ ಗೂಟದಿಂದ ಕ್ಲ್ಯಾಂಪಿಗೆ, ಕೇಬಲ್‌ನ ಎರಡು ತುದಿಗೆ, ಸ್ವಿಚ್‌ನ ಎರಡು ಬೋಲ್ಟಿಗೆ ತುಂಡುತುಂಡಾಗಿ ಅಳೆಯಿರಿ. ಸ್ವಿಚ್‌ನಲ್ಲೇ ಹೆಚ್ಚು ಬಂದರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟು ಕಪ್ಪಾಗಿದೆ.

ಹೀಗೆಯೇ ಬ್ಯಾಟರಿಯ ನೆಗೆಟಿವ್ ಗೂಟದಿಂದ ಎಂಜಿನ್ ಬ್ಲಾಕಿಗೆ ಅಳೆಯಿರಿ. ಇಲ್ಲಿ 0.2ಕ್ಕಿಂತ ಹೆಚ್ಚು ಬರಬಾರದು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುವುದರಿಂದ ಷಾಸಿಗೆ ತಾನಾಗಿ ಅರ್ಥ್ ಆಗುವುದಿಲ್ಲ, ನಡುವೆ ಹೆಣೆದ ತಾಮ್ರದ ಪಟ್ಟಿ ಬೇಕು. ಪೇಂಟ್ ಹೊಡೆಸಿ ಹೊಸದಾಗಿ ಜೋಡಿಸಿದ ಜೀಪುಗಳಲ್ಲಿ ಆ ಪಟ್ಟಿ ಬಣ್ಣದ ಮೇಲೆಯೇ ಕೂತಿರುತ್ತದೆ, ಇಲ್ಲವೇ ಹಾಕುವುದೇ ಮರೆತುಹೋಗಿರುತ್ತದೆ. ಬೋಲ್ಟ್ ಬಿಚ್ಚಿ, ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ಕೇಬಲ್ ದಪ್ಪದಲ್ಲಿ ಜಿಪುಣತನ ಬೇಡ. ಪುಣೆಯ ನಾನಾ ಪೇಠ್‌ನಲ್ಲಿ ಸಿಗುವ ರೆಡಿಮೇಡ್ ಬ್ಯಾಟರಿ ಕೇಬಲ್ 12 ವೋಲ್ಟಿನ ಕಾರಿಗೆಂದು ಮಾಡಿದ್ದು, ಇದಕ್ಕೆ ಸಾಲದು. 50 ಚದರ ಮಿಲಿಮೀಟರ್ ತಾಮ್ರದ ವೆಲ್ಡಿಂಗ್ ಕೇಬಲ್ ಮೀಟರ್ ಲೆಕ್ಕದಲ್ಲಿ ಕೊಂಡು, ಲಗ್ ಕ್ರಿಂಪ್ ಮಾಡಿಸಿ. ಇಷ್ಟನ್ನೂ ಮಾಡದೆ 12 ವೋಲ್ಟಿಗೆ ಬದಲಿಸಲು ಹೊರಡುವುದು ನಮ್ಮ ಪ್ರಕಾರ ತಪ್ಪು. ತಂತಿ ಸರಿಯಿದ್ದರೆ 6 ವೋಲ್ಟ್ ಧಾರಾಳ ಸಾಕು.

ಸೆಲ್ಫ್ ಗಿರ್ರೆಂದು ತಿರುಗಿ ಎಂಜಿನ್ ಅಲುಗದಿದ್ದರೆ ಸೆಲ್ಫಿನ ಗೇರನ್ನು ಎಂಜಿನ್ನಿಗೆ ಕೂಡಿಸುವ ಬೆಂಡಿಕ್ಸ್ ಅಂಟಿಕೊಂಡಿದೆ. ಸೀಮೆಎಣ್ಣೆಯಲ್ಲಿ ತೊಳೆದು ಒಂದೆರಡು ಹನಿ ತೆಳು ಎಣ್ಣೆ ಬಿಡಿ. ಗ್ರೀಸ್ ಹಚ್ಚಿದರೆ ಧೂಳು ಕೂತು ಮತ್ತೆ ಅಂಟುತ್ತದೆ.

ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ

ಒಂದು ಲಕ್ಷಣವನ್ನು ಗಮನಿಸಿ: ಸ್ವಿಚ್‌ನಿಂದ ಕಾಲು ಎತ್ತುವ ಗಳಿಗೆಯಲ್ಲಿ ಎಂಜಿನ್ ಕೆಮ್ಮುತ್ತದೆಯೇ? ಹ್ಯಾಂಡಲ್ ಹಾಕಿದರೆ ಸ್ಟಾರ್ಟ್ ಆಗಿ ಸೆಲ್ಫಿಗೆ ಆಗುವುದಿಲ್ಲವೇ? ಹಾಗಿದ್ದರೆ ಸೆಲ್ಫ್ ಎಲ್ಲ ವೋಲ್ಟೇಜನ್ನೂ ನುಂಗಿ, ಕಿಡಿಗೆ ಬೇಕಾದ ವೋಲ್ಟೇಜ್ ಎಬ್ಬಿಸುವ ಕಾಯಿಲ್ ಹಸಿದಿದೆ. ಮತ್ತೆ ಮೇಲಿನ ಪರೀಕ್ಷೆಗೇ ಹೋಗಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಎಂಜಿನ್ ತಿರುಗಿ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ನಡುವಿನ ವೈರ್ ಕಿತ್ತು ಬ್ಲಾಕಿನಿಂದ 6 ಮಿಲಿಮೀಟರ್ ದೂರ ಹಿಡಿದು, ಇಗ್ನಿಷನ್ ಆನ್ ಮಾಡಿ ತಿರುಗಿಸಿ. ಹತ್ತಿರದಲ್ಲಿ ಪೆಟ್ರೋಲ್ ತೆರೆದಿರಬಾರದು. ನೀಲಿ ಕಿಡಿ ಬಂದರೆ ಸರಿ. ಬಾರದಿದ್ದರೆ, ಮಳೆಗಾಲ ಕಳೆದ ಗಾಡಿಯಲ್ಲಿ ಮೊದಲ ಅಪರಾಧಿ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಸಣ್ಣ ಸ್ವಿಚ್, ಅಂದರೆ ಪಾಯಿಂಟ್: ಅದರ ಮುಖದ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕೂತಿರುತ್ತದೆ. ಡಿಸ್ಟ್ರಿಬ್ಯೂಟರಿನ ಪಕ್ಕದ ಟರ್ಮಿನಲ್‌ಗೂ ಅರ್ಥ್‌ಗೂ ಮೀಟರ್ ಹಿಡಿದು ಎಂಜಿನನ್ನು ಕೈಯಿಂದ ತಿರುಗಿಸಿ. ಪಾಯಿಂಟ್ ತೆರೆದಾಗ 6, ಮುಚ್ಚಿದಾಗ ಸೊನ್ನೆಯ ಹತ್ತಿರ ಬರಬೇಕು. 6ರಲ್ಲೇ ನಿಂತರೆ ಪಾಯಿಂಟ್ ಕೊಳೆಯಾಗಿದೆ. ಸೊನ್ನೆಯಲ್ಲೇ ನಿಂತರೆ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಶಾರ್ಟ್, ಇಲ್ಲವೇ ಕಾಯಿಲ್‌ಗೆ ಸಪ್ಲೈ ಇಲ್ಲ.

ಪಾಯಿಂಟನ್ನು ಸಣ್ಣ ಅರದಿಂದ ಉಜ್ಜಿ, ಕೊನೆಗೆ ಒಣ ವಿಸಿಟಿಂಗ್ ಕಾರ್ಡ್ ನಡುವೆ ಎಳೆಯಿರಿ. ಎಮೆರಿ ಪೇಪರ್ ಬೇಡ, ಅದರ ಹರಳು ಲೋಹದಲ್ಲಿ ಚುಚ್ಚಿಕೊಳ್ಳುತ್ತದೆ. ಗ್ಯಾಪ್ 0.5 ಮಿಲಿಮೀಟರ್, ಪ್ಲಗ್ ಗ್ಯಾಪ್ 0.75.

ಮಿಲಿಟರಿ ಗಾಡಿಗೇ ವಿಶೇಷವಾದ ಇನ್ನೊಂದು ಜಾಗವಿದೆ, ಸಾಮಾನ್ಯ ಗ್ಯಾರೇಜಿನವರು ಅದನ್ನು ನೋಡುವುದೇ ಇಲ್ಲ. ವೈರ್‌ಲೆಸ್ ಸೆಟ್ಟಿಗೆ ಗೊರಗೊರ ಬಾರದಿರಲೆಂದು ಪ್ಲಗ್ ವೈರುಗಳಿಗೆ ಸಪ್ರೆಸರ್, ಕಾಯಿಲ್ ಸಪ್ಲೈಗೆ ಫಿಲ್ಟರ್ ಹಾಕಿರುತ್ತಾರೆ. ವಯಸ್ಸಾದಂತೆ ಸಪ್ರೆಸರಿನ ರೆಸಿಸ್ಟೆನ್ಸ್ ಏರುತ್ತಾ ಹೋಗುತ್ತದೆ. ಮೀಟರ್ ಸುಮಾರು 10,000 ಓಮ್ ತೋರಿಸದೆ ಲಕ್ಷ ದಾಟಿದರೆ ತೆಗೆದಿಡಿ. ಫಿಲ್ಟರ್ ಒಳಗೇ ಶಾರ್ಟ್ ಆಗಿದ್ದರೆ ಕಾಯಿಲ್‌ಗೆ ಏನೂ ತಲುಪದು. ಫಿಲ್ಟರಿನ ತಂತಿಯನ್ನು ಕಾಯಿಲ್‌ನಿಂದ ಬಿಚ್ಚಿಟ್ಟು, ಬ್ಯಾಟರಿಯಿಂದ ಕಾಯಿಲ್‌ಗೆ ಒಂದು ತಂತಿ ನೇರ ಕೊಟ್ಟು ನೋಡಿದರೆ ಗೊತ್ತಾಗುತ್ತದೆ.

ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಬರುವ ಸರದಿ) 1-3-4-2, ಡಿಸ್ಟ್ರಿಬ್ಯೂಟರಿನ ರೋಟರ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಇತ್ತೀಚೆಗೆ ಆಯಿಲ್ ಪಂಪ್ ಬಿಚ್ಚಿದ್ದರೆ ಟೈಮಿಂಗ್ ಪರೀಕ್ಷಿಸಲೇಬೇಕು. ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಆಯಿಲ್ ಪಂಪಿನ ಶಾಫ್ಟ್. ಅದರ ಗೇರ್ ಹಲ್ಲು ಆಚೀಚೆ ಕೂತರೆ ಕಿಡಿ ಎಷ್ಟು ಚೆನ್ನಾಗಿದ್ದರೂ ಹೊತ್ತು ತಪ್ಪಿ ಬರುತ್ತದೆ.

ಪೆಟ್ರೋಲ್

ಏರ್ ಪೈಪ್ ತೆಗೆದು ಕಾರ್ಬೊರೇಟರಿನ ಗಂಟಲೊಳಗೆ ಟಾರ್ಚ್ ಬಿಟ್ಟು, ಇಗ್ನಿಷನ್ ಆಫ್ ಇಟ್ಟು ಆಕ್ಸಿಲರೇಟರ್ ಒತ್ತಿ. ಪೆಟ್ರೋಲ್ ಎಳೆಯಾಗಿ ಚಿಮ್ಮಬೇಕು. ಚಿಮ್ಮದಿದ್ದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಖಾಲಿ, ಇಲ್ಲವೇ ಆಕ್ಸಿಲರೇಟರ್ ಪಂಪಿನ ಚರ್ಮ ಒಣಗಿದೆ. ಬೌಲ್ ಖಾಲಿಯಿದ್ದರೆ ಫ್ಯೂಯೆಲ್ ಪಂಪಿನಿಂದ ಬರುವ ಪೈಪನ್ನು ಬಾಟಲಿಗೆ ಬಿಟ್ಟು ತಿರುಗಿಸಿ. ಜೋರಾಗಿ, ಬಿಟ್ಟುಬಿಟ್ಟು ಬರಬೇಕು. ಗುಳ್ಳೆ ಬಂದರೆ ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲೋ ಗಾಳಿ ಎಳೆಯುತ್ತಿದೆ. ಸಾಮಾನ್ಯವಾಗಿ ಫಿಲ್ಟರ್ ಬೌಲಿನ ಗ್ಯಾಸ್ಕೆಟ್.

ಈಗಿನ ಪೆಟ್ರೋಲಿನಲ್ಲಿ 20 ಶೇಕಡಾದಷ್ಟು ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹೆಚ್ಚಾದರೆ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಹಳೆಯ ರಬ್ಬರ್ ಡಯಾಫ್ರಾಮನ್ನೂ ಕೆಡಿಸುತ್ತದೆ. ಜೂನ್‌ನಲ್ಲಿ ಉಳಿದ ಪೆಟ್ರೋಲನ್ನು ಅಕ್ಟೋಬರ್‌ನಲ್ಲಿ ನಂಬಬೇಡಿ, ಡ್ರೇನ್ ಮಾಡಿ. ಪಂಪ್ ಕಿಟ್ ಕೊಳ್ಳುವಾಗ ಎಥನಾಲ್ ತಡೆಯುವ ಡಯಾಫ್ರಾಮ್ ಕೇಳಿ.

ಮುಂಬೈ ದಾರಿಯ ಬೋರ್ ಘಾಟ್ ಹತ್ತಿ ಖಂಡಾಲದಲ್ಲಿ ನಿಲ್ಲಿಸಿದ ಮೇಲೆ ಮಾತ್ರ ಹಠ ಹಿಡಿದರೆ ಅದು ವೇಪರ್ ಲಾಕ್, ಬಿಸಿಗೆ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿರುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟು, ಚೋಕ್ ಮುಟ್ಟದೆ ಆಕ್ಸಿಲರೇಟರ್ ಪೂರ್ತಿ ಒತ್ತಿ ತಿರುಗಿಸಿ.

ಕಿಡಿ, ಪೆಟ್ರೋಲ್ ಎರಡೂ ಇದ್ದು ಆಗದಿದ್ದರೆ ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಅಳೆಯಿರಿ. ಯಾವ ಸಿಲಿಂಡರಿನಲ್ಲೂ 70 ಪಿಎಸ್‌ಐಗಿಂತ ಕಡಿಮೆ ಇರಬಾರದು. ಕಡಿಮೆ ಇದ್ದಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ: ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೇ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್. ನಿಂತು ನಿಂತು ಅಂಟಿದ ವಾಲ್ವ್ ಎಷ್ಟೋ ಸಲ ಗೈಡಿಗೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಕಾದರೆ ಬಿಡಿಸಿಕೊಳ್ಳುತ್ತದೆ. ಬಿಟ್ಟ ಮೇಲೆ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಎತ್ತುವ ಟ್ಯಾಪೆಟ್ಟಿಗೂ ನಡುವಿನ ಸಂದು) ಎಂಜಿನ್ ತಣ್ಣಗಿರುವಾಗ 0.35 ಮಿಲಿಮೀಟರಿಗೆ ಸೆಟ್ ಮಾಡಿ.